ಕತ್ತಲೆ ಹೊಲಿದ ಉಜ್ಜಿನಮ್ಮ

ನಮ್ಮ ಲ್ಯಾಬಿನಲ್ಲಿ ಎಂಟು ಜನ ಇದ್ದೆವು. ಎಂಟು ಜನರ ಸರ್ಟಿಫಿಕೇಟುಗಳನ್ನು ಹಾಸಿದರೆ ಒಂದು ಪಡಸಾಲೆ ತುಂಬೀತು. ಆದರೆ ಒಂದು ಕಪ್ಪು ಬಟ್ಟೆಯನ್ನು ಬೆಳಕು ನುಸುಳದಂತೆ ಹೊಲಿಯುವುದು ಹೇಗೆಂದು ಎಂಟರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ರಾಯದುರ್ಗದ ಉಜ್ಜಿನಮ್ಮ. ಅವಳ ಬಗ್ಗೆ ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಬರೆಯಲು ಕೂತರೆ ಅವಳ ಬಗ್ಗೆ ಎಷ್ಟೋ ನನ್ನ ಬಗ್ಗೆಯೂ ಅಷ್ಟೇ ಬರೆಯಬೇಕಾಗುತ್ತದೆ, ಅದೂ ನಾನು ಯಾರಿಗೂ ಹೇಳಬಯಸದ ಸಂಗತಿಗಳನ್ನು. ಅದಕ್ಕೇ ಮುಂದೂಡುತ್ತ ಬಂದೆ.

ನನ್ನ ಹೆಸರು ರಾಮಾಂಜಿ, ಊರು ಮಡಕಶಿರಾ ತಾಲೂಕಿನ ಅಮರಾಪುರದ ಹತ್ತಿರ. ಮನೆಯಲ್ಲಿ ಕುರಿ, ಹೊಲದಲ್ಲಿ ಕಡಲೆಕಾಯಿ. ಅಕ್ಕ ಮಂಜುಳ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಸೇರಿದಾಗ ಪಕ್ಕದ ಮಷಿನ್ನಿನಲ್ಲಿ ಕೂತಿದ್ದವಳು ಉಜ್ಜಿನಮ್ಮ. ಇಬ್ಬರೂ ಸೇರಿ ಒಂದು ರೂಮು ಮಾಡಿಕೊಂಡರು. ನಾನು ಡಿಗ್ರಿ ಓದಲು ಬಂದು ಹಾಸ್ಟೆಲ್ ಸೇರಿದ ಮೇಲೆ ಭಾನುವಾರದ ಊಟ ಅಲ್ಲೇ. ಅಕ್ಕ ಮುದ್ದೆ ತೊಳಸಿದರೆ ಉಜ್ಜಿನಮ್ಮ ಮೂಗು ಮುರಿಯುತ್ತಿದ್ದಳು. ಹಲ್ಲಿದ್ದೂ ಅಗಿಯದೆ ನುಂಗುವ ಜನ ನೀವು ಎಂದು ನಮ್ಮ ಕಡೆಯವರನ್ನೆಲ್ಲ ಒಟ್ಟಿಗೆ ಆಡಿಕೊಳ್ಳುತ್ತಿದ್ದಳು. ಆಮೇಲೆ ತಾನು ತಟ್ಟಿದ ಜೋಳದ ರೊಟ್ಟಿಯನ್ನು ಮೊದಲು ನನ್ನ ತಟ್ಟೆಗೇ ಹಾಕುತ್ತಿದ್ದಳು. ನನ್ನನ್ನು ತಮ್ಮ ಎಂದೇ ಕರೆಯುತ್ತಿದ್ದಳು, ನಾನು ಅವಳನ್ನು ಅಕ್ಕ ಎಂದೇ.

ಅವಳು ಹುಟ್ಟಿದ್ದು ರಾಯದುರ್ಗದ ಪಕ್ಕದ ಹಳ್ಳಿಯಲ್ಲಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಊರಿನ ಜೀನ್ಸ್ ಯೂನಿಟ್ಟಿನಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ ಖಾಲಿ ಮಷಿನ್ನಿನ ಮೇಲೆ ಚಿಂದಿ ಬಟ್ಟೆ ಇಟ್ಟು ತುಳಿದು ಕಲಿತಳು. ಮದುವೆಯಾದದ್ದು ಗೂಡ್ಸ್ ಆಟೋ ಓಡಿಸುವ ಮಾರೇಶನನ್ನು. 2009ರಲ್ಲಿ ರಾಯದುರ್ಗದಿಂದ ಹೆಂಗಸರ ಒಂದು ಗುಂಪು ಬೆಂಗಳೂರಿಗೆ ಹೊರಟಾಗ, ಗಂಡನನ್ನು ಊರಲ್ಲೇ ಬಿಟ್ಟು ಇವಳೂ ಹೊರಟಳು. ಅಲ್ಲಿ ಹನ್ನೊಂದು ವರ್ಷ ಹೊರದೇಶದ ಮಕ್ಕಳಿಗೆ ಬಟ್ಟೆ ಹೊಲಿದಳು.

ಎಕ್ಸ್‌ಪೋರ್ಟ್ ಫ್ಯಾಕ್ಟರಿಯಲ್ಲಿ ಒಂದು ನಿಯಮ ಇದೆ. ಸೂಜಿ ಮುರಿದರೆ ಮಷಿನ್ ನಿಲ್ಲಿಸಿ ಕೈ ಎತ್ತಬೇಕು. ಮುರಿದ ಚೂರುಗಳನ್ನೆಲ್ಲ ಹುಡುಕಿ, ಪುಸ್ತಕದ ಹಾಳೆಯ ಮೇಲೆ ಸೂಜಿಯ ಆಕಾರಕ್ಕೆ ಜೋಡಿಸಿ, ಟೇಪು ಅಂಟಿಸಬೇಕು. ಜೋಡಿಸಿದ್ದು ಇಡೀ ಸೂಜಿ ಆದರೆ ಮಾತ್ರ ಹೊಸ ಸೂಜಿ ಕೈಗೆ ಬರುತ್ತದೆ. ಒಂದು ಚೂರು ಕಮ್ಮಿಯಾದರೂ ಆ ಹೊತ್ತು ಹೊಲಿದ ಬಟ್ಟೆಗಳೆಲ್ಲ ನಿಲ್ಲುತ್ತವೆ. ಬರೆದಿಟ್ಟ ನಿಯಮ ಇದು. ಸಂಜೆಯ ಟಾರ್ಗೆಟ್ ಮುಗಿಯದಿದ್ದಾಗ ಎಷ್ಟೋ ಸೂಪರ್‌ವೈಸರುಗಳು ಕಣ್ಣು ಮುಚ್ಚುತ್ತಾರೆ. ಒಮ್ಮೆ ಉಜ್ಜಿನಮ್ಮನ ಸೂಜಿಯ ತುದಿ ಸಿಗಲಿಲ್ಲ. ಸೂಪರ್‌ವೈಸರು ಹೊಸ ಸೂಜಿ ತಂದು ಕೊಟ್ಟ, ಇವಳು ಎತ್ತಿದ ಕೈ ಇಳಿಸಲಿಲ್ಲ. ಕಟ್ಟಿದ ಡಬ್ಬಗಳನ್ನೆಲ್ಲ ಬಿಚ್ಚಿದರು. ತುದಿ ಸಿಕ್ಕಿದ್ದು ಮೂರು ವರ್ಷದ ಮಗುವಿನ ಫ್ರಾಕಿನ ಅಂಚಿನಲ್ಲಿ. ಬಹುಮಾನವೆಂದು ಅವಳನ್ನು ಮಷಿನ್ನಿನಿಂದ ಎಬ್ಬಿಸಿ ಮೂರು ತಿಂಗಳು ದಾರ ಕತ್ತರಿಸಲು ಕೂರಿಸಿದರು. ಇದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು, ಕೇಳುವ ನನ್ನ ಅಕ್ಕನಿಗೆ ಮಾತ್ರ ಪ್ರತಿ ಸಲವೂ ಕಣ್ಣು ತುಂಬುತ್ತಿತ್ತು.

ಲಾಕ್‌ಡೌನ್ ಬಂತು, ಫ್ಯಾಕ್ಟರಿ ಮುಚ್ಚಿತು. ಉಜ್ಜಿನಮ್ಮ ರಾಯದುರ್ಗಕ್ಕೆ ಮರಳಿ, ಕೋಟೆ ಬೆಟ್ಟದ ಕೆಳಗಿನ ಎರಡು ಕೋಣೆಗಳಲ್ಲಿ ಮೂರು ಮಷಿನ್ ಹಾಕಿ ಜೀನ್ಸ್ ಹೊಲಿಯಲು ಶುರುಮಾಡಿದಳು. ಅಲ್ಲಿ ಯಾವ ಯೂನಿಟ್ಟಿನಲ್ಲೂ ಸೂಜಿಗೆ ಪುಸ್ತಕವಿಲ್ಲ. ಇವಳೊಬ್ಬಳು ನೂರು ಹಾಳೆಯ ನೋಟ್‌ಬುಕ್ ತಂದು ಗೂಟಕ್ಕೆ ತೂಗುಹಾಕಿದಳು. ಹಳೆಯ ಸ್ಪೀಕರಿನಿಂದ ಕಿತ್ತ ಸೂಜಿಗಲ್ಲನ್ನು ಮಷಿನ್ನಿನ ತಲೆಗೆ ಅಂಟಿಸಿ ಸೂಜಿಗಳನ್ನು ಅದಕ್ಕೇ ಕಚ್ಚಿಸುತ್ತಿದ್ದಳು. ಅಕ್ಕಪಕ್ಕದವರು ನಕ್ಕರು. ನಗುವವರ ಮುಂದೆ ಎಡವಿ ಬೀಳಬಾರದು, ಅಷ್ಟೇ ನನ್ನ ಹಟ ಎನ್ನುತ್ತಿದ್ದಳು.

ಇನ್ನು ನಮ್ಮ ಕೆಲಸದ ಮಾತು. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ನನ್ನ ಪಿಎಚ್‌ಡಿ. ನನ್ನ ಕೆಲಸವೆಲ್ಲ ಅಕ್ಕಿಕಾಳಿಗಿಂತ ಚಿಕ್ಕದೊಂದು ವಜ್ರದ ಚೂರಿನ ಜೊತೆ; ಒಡವೆಯ ವಜ್ರವಲ್ಲ, ಯಂತ್ರದಲ್ಲಿ ಬೆಳೆಸಿದ್ದು. ಅದರೊಳಗೆ ಅಲ್ಲಲ್ಲಿ ಇಂಗಾಲದ ಒಂದು ಪರಮಾಣು ಇರಬೇಕಾದ ಜಾಗ ಖಾಲಿ ಇರುತ್ತದೆ, ಪಕ್ಕದಲ್ಲಿ ಸಾರಜನಕದ ಪರಮಾಣುವೊಂದು ಬಂದು ಕೂತಿರುತ್ತದೆ. ಆ ಸಂದಿಯಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನುಗಳಿಗೆ ಸ್ಪಿನ್ ಎಂಬ ಗುಣ ಉಂಟು. ಅದರಿಂದ ಆ ಜಾಗ ಒಂದು ಪುಟಾಣಿ ಕಾಂತದ ಹಾಗೆ ವರ್ತಿಸುತ್ತದೆ. ಹಸಿರು ಲೇಸರ್ ಹಾಯಿಸಿದರೆ ಅಲ್ಲಿಂದ ಕೆಂಪು ಬೆಳಕು ಹೊಮ್ಮುತ್ತದೆ. ಸ್ಪಿನ್ ಯಾವ ಸ್ಥಿತಿಯಲ್ಲಿದೆ ಎಂಬುದಕ್ಕೆ ತಕ್ಕಂತೆ ಆ ಕೆಂಪು ತುಸು ಹೆಚ್ಚು, ತುಸು ಕಡಿಮೆ. ಮೈಕ್ರೋವೇವ್ ಕೊಟ್ಟು ಸ್ಪಿನ್ನನ್ನು ಬೇಕಾದ ಕಡೆ ತಿರುಗಿಸುವುದು, ಬೆಳಕಿನಿಂದ ಅದನ್ನು ಓದುವುದು, ಇಷ್ಟೇ ನನ್ನ ವಿದ್ಯೆ. ಇಂಥ ಸ್ಪಿನ್ನುಗಳಿಂದ ಮುಂದೆ ಹೊಸ ಬಗೆಯ ಕಂಪ್ಯೂಟರುಗಳು, ಮೆದುಳಿನೊಳಗಿನ ಸದ್ದಿಲ್ಲದ ಚಟುವಟಿಕೆಯನ್ನು ಅಳೆಯುವ ಉಪಕರಣಗಳು ಬರುತ್ತವೆ ಎಂದು ನಾವು ಹೇಳುತ್ತಿರುತ್ತೇವೆ, ಅನುದಾನದ ಅರ್ಜಿಗಳಲ್ಲಿ ಇನ್ನಷ್ಟು ಗಟ್ಟಿಯಾಗಿ.

ಆ ಕೆಂಪು ಬೆಳಕು ಎಷ್ಟು ಕ್ಷೀಣ ಎಂದರೆ ಅದನ್ನು ಕಣಕಣವಾಗಿ ಎಣಿಸಬೇಕು. ಹೊರಗಿನ ಬೆಳಕು ಒಂದಿಷ್ಟು ನುಸುಳಿದರೂ ಎಣಿಕೆ ಹಾಳು. ಅದಕ್ಕೆ ಮೇಜಿಗೆ ಸೊಳ್ಳೆ ಪರದೆಯ ಹಾಗೆ ಕಪ್ಪು ಹೊದಿಕೆ ಇಳಿಬಿಟ್ಟಿದ್ದೆವು, ಪೇಟೆಯ ಒಂದು ಕಂಪನಿ ಹೊಲಿದುಕೊಟ್ಟದ್ದು. ಬಟ್ಟೆ ಒಳ್ಳೆಯದೇ. ಹೊಲಿಗೆಯ ತೂತುಗಳಿಂದ ಬೆಳಕು ಬರುತ್ತಿತ್ತು. 2022ರ ಬೇಸಿಗೆಯಲ್ಲಿ ನಾನು ಹೊಸ ಬಟ್ಟೆಯ ಥಾನನ್ನೂ ಹಳೆಯ ಹೊದಿಕೆಯನ್ನೂ ಹೊತ್ತು ರಾಯದುರ್ಗದ ಬಸ್ಸು ಹತ್ತಿದೆ.

ಉಜ್ಜಿನಮ್ಮ ಹಳೆಯ ಹೊದಿಕೆಯನ್ನು ಬಾಗಿಲಿಗೆ ಕಟ್ಟಿ, ಒಳಗಿನಿಂದ ಬಿಸಿಲಿಗೆ ಹಿಡಿದು ನೋಡಿ ನಕ್ಕುಬಿಟ್ಟಳು. "ಹಗಲಾಗ ಚುಕ್ಕಿ ತೋರ್ಸ್ಯಾರಲ್ಲೋ ತಮ್ಮ ನಿಮಗ," ಎಂದಳು. ನಿಜವಾಗಿಯೂ ಹೊಲಿಗೆಯ ಉದ್ದಕ್ಕೂ ಚುಕ್ಕಿಗಳ ಸಾಲು. ಒಳಗೆ ಏನು ನೋಡುತ್ತೀರಿ ಎಂದು ಕೇಳಿದಳು. ಒಂದು ಬಗೆಯ ಬುಗುರಿ, ಕಣ್ಣಿಗೆ ಕಾಣದಷ್ಟು ಸಣ್ಣದು ಎಂದೆ. ಎಲ್ಲರಿಗೂ ನಾನು ಹೇಳುವ ಉತ್ತರ ಅದೇ, ಎಲ್ಲರೂ ಅಲ್ಲಿಗೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಇವಳು ಆಗಲಿಲ್ಲ. "ಬುಗುರಿ ನೋಡಾಕ ಬೆಳಕು ಬೇಕು. ಕತ್ತಲಿ ಯಾಕ?" ಎಂದಳು. ಅದರದೇ ಬೆಳಕು ಬಹಳ ಸಣ್ಣದು, ಬೇರೆ ಬೆಳಕಿದ್ದರೆ ಅದು ಕಾಣುವುದಿಲ್ಲ ಎಂದೆ. ಹೊಸ ಬಟ್ಟೆಯನ್ನೊಮ್ಮೆ ಸವರಿ ನೋಡಿ, ಹಾಗಾದರೆ ಸರಿಯಾಗಿಯೇ ಹೊಲಿಯಬೇಕು ಎಂದಳು.

ಜೀನ್ಸ್ ಪ್ಯಾಂಟಿನ ಕಾಲಿನ ಹೊಲಿಗೆಯ ಹಾಗೆ ಎರಡು ಅಂಚುಗಳನ್ನು ಒಂದರೊಳಗೊಂದು ಮಡಿಸಿದಳು. ಮೊದಲ ಸಾಲಿನ ತೂತುಗಳ ಮೇಲೆ ಮಡಿಕೆ ಬಿದ್ದು ಮುಚ್ಚಬೇಕು, ಮಡಿಕೆಯ ಹೊಲಿಗೆ ಮೊದಲಿನದರ ಮೇಲೆ ಬೀಳಬಾರದು. ಪ್ರತಿ ಮೊಳಕ್ಕೊಮ್ಮೆ ಎದ್ದು ಬಿಸಿಲಿಗೆ ಹಿಡಿಯುತ್ತಿದ್ದಳು. ಒಂದು ದಿನದ ಕೆಲಸ ಎರಡು ದಿನವಾಯಿತು. ಎರಡನೆಯ ದಿನ ಮಧ್ಯಾಹ್ನ ಕೊನೆಯ ಮೂಲೆ, ಎಂಟು ಪದರ ಒಟ್ಟಿಗೆ ಸೇರುವಲ್ಲಿ, ಸೂಜಿ ಟಕ್ಕೆಂದು ಮುರಿಯಿತು. ಉಜ್ಜಿನಮ್ಮ ಮಷಿನ್ ನಿಲ್ಲಿಸಿ ಕೈ ಎತ್ತಿದಳು. ನೋಡಲು ಯಾವ ಸೂಪರ್‌ವೈಸರೂ ಇರಲಿಲ್ಲ.

ಎರಡು ಚೂರು ಸಿಕ್ಕವು. ಎಳ್ಳುಕಾಳಿನಷ್ಟು ತುದಿ ಸಿಗಲಿಲ್ಲ. ಸೂಜಿಗಲ್ಲು ಹಿಡಿದು ನೆಲ ಸವರಿದಳು, ಸೀರೆಯ ನೆರಿಗೆ ಕೊಡವಿದಳು, ಹೊದಿಕೆಯನ್ನು ಒಂದು ತುದಿಯಿಂದ ಸವರಲು ಶುರುಮಾಡಿದಳು. ಹತ್ತು ಮಾರಿನ ಹೊದಿಕೆ. ನನಗೆ ಮೂರು ಗಂಟೆಯ ಬಸ್ಸು, ಮರುದಿನ ಬೆಳಿಗ್ಗೆ ಗೈಡ್ ಮೇಡಂ ಮುಂದೆ ರಿವ್ಯೂ. ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು.

"ಹೋಗ್ಲಿ ಬಿಡಕ್ಕ, ಇದನ್ನೇನು ಮಕ್ಳು ಹಾಕ್ಕಂತಾರಾ? ಮೇಜಿಗೆ ಹೊದಿಸೋದು. ಮೇಜಿಗೇನ್ ಚುಚ್ತೈತಾ?" ಎಂದೆ.

ಹಾಗೆ ಕೊಡಲು ಬರುವುದಿಲ್ಲ, ನಾಳೆ ಹೋಗು ಎಂದಳು. ನಾನು ಗಡಿಯಾರ ತೋರಿಸಿದೆ. ಕೊನೆಗೆ ಅವಳು ಸೂಜಿಗಲ್ಲು ಕೆಳಗಿಟ್ಟಳು. "ಓದಿದಾಂವ ನೀನು. ನಿನಗ ಗೊತ್ತಿರತೈತಿ," ಎಂದಳು. ಗೂಟದ ಪುಸ್ತಕ ತೆಗೆದು ಎರಡು ಚೂರು ಅಂಟಿಸಿ, ತುದಿಯ ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ಬರೆದು ನನಗೆ ಓದಿ ಹೇಳಿದಳು: ತುದಿ ಸಿಕ್ಕಿಲ್ಲ, ರಾಮಾಂಜಿ ಬಿಡು ಅಂದ. ಹೊಸ ಸೂಜಿಯಿಂದ ಅವಳು ಮೂಲೆ ಮುಗಿಸಿಕೊಟ್ಟ ಮೇಲೆ ನಾನು ನಗುತ್ತ ಬಸ್ಸಿಗೆ ಓಡಿದೆ. ಕಾಂತಕ್ಷೇತ್ರವನ್ನು ಅಳೆಯುವ ವಿದ್ಯೆಯಲ್ಲಿ ಡಾಕ್ಟರೇಟ್ ಪಡೆಯಲು ಹೊರಟವನು ಉಕ್ಕಿನ ಚೂರಿನ ಬಗ್ಗೆ ಹೇಳಿದ ಮಾತು ಅದು.

ಹೊದಿಕೆ ಹಾಕಿದ ದಿನ ಲ್ಯಾಬಿನಲ್ಲಿ ಹಬ್ಬ. ಲೇಸರ್ ಆರಿಸಿದರೆ ಎಣಿಕೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಪಕ್ಕದ ಲ್ಯಾಬಿನವರು ಬಂದು ಹೊಲಿಗೆ ಮುಟ್ಟಿ ನೋಡಿ ಹೋದರು. ಇನ್ನೂ ಮೂರು ಲ್ಯಾಬಿಗೆ ಇಂಥದೇ ಹೊದಿಕೆಗಳು ಬೇಕು, ದಸರಾ ಹೊತ್ತಿಗೆ ಹೇಳಿಕಳಿಸುತ್ತೇವೆ ಎಂದು ಮೇಡಂ ಅಂದರು. ನಾನು ಅಂದೇ ಫೋನು ಮಾಡಿದೆ. ಉಜ್ಜಿನಮ್ಮ ಹಬ್ಬದ ಜೀನ್ಸ್ ಲಾಟು ಬೇಡವೆಂದು ಕೆಲಸ ಕೊಡುವ ದೊಡ್ಡ ಯೂನಿಟ್ಟಿನವರಿಗೆ ಹೇಳಿ, ಮೂರೂ ಮಷಿನ್ನುಗಳನ್ನು ಖಾಲಿ ಇಟ್ಟುಕೊಂಡಳು. ಪಕ್ಕದ ಬೀದಿಯ ತಿಪ್ಪಮ್ಮನನ್ನು ಜೊತೆಗೆ ಕೆಲಸಕ್ಕೆ ಕರೆದುಕೊಂಡಳು.

ಅಷ್ಟರಲ್ಲಿ ನನ್ನ ಅಳತೆಗಳು ಕುಡಿದವನ ನಡಿಗೆ ಹಿಡಿದಿದ್ದವು. ಸ್ಪಿನ್ ಯಾವ ಮೈಕ್ರೋವೇವ್ ಆವರ್ತನಕ್ಕೆ ತಿರುಗುತ್ತದೆ ಎಂದು ಕಂಪ್ಯೂಟರ್ ಪರದೆಯಲ್ಲಿ ತೋರಿಸುವ ಗೆರೆ ಒಂದೆಡೆ ನಿಲ್ಲದೆ ಆ ಕಡೆ ಈ ಕಡೆ ಸರಿಯುತ್ತಿತ್ತು. ಎ.ಸಿ. ಗಾಳಿ ಬೀಸಿದಾಗ ಸರಿಯುವುದು, ನಿಂತಾಗ ಮರಳುವುದು. ಬಿಸಿ ತಂಪಿನ ಆಟ ಎಂದುಕೊಂಡು ಎರಡು ತಿಂಗಳು ತಾಪಮಾನದ ಹಿಂದೆ ಬಿದ್ದೆ. ಆಮೇಲೆ ಬುದ್ಧಿ ಬಂದು, ಸ್ಪಿನ್ನಿಗಿರುವ ಇಂಥ ಎರಡೂ ಗೆರೆಗಳನ್ನು ಒಟ್ಟಿಗೆ ನೋಡಿದೆ. ತಾಪಮಾನವಾದರೆ ಎರಡೂ ಒಂದೇ ಕಡೆ ಸರಿಯಬೇಕು. ಇವು ಒಂದರಿಂದೊಂದು ದೂರ ಸರಿಯುತ್ತಿದ್ದವು. ಅಂದರೆ ಹತ್ತಿರದಲ್ಲೆಲ್ಲೋ ಒಂದು ಕಾಂತ ಅಲುಗಾಡುತ್ತಿದೆ. ಕಬ್ಬಿಣದ ಕುರ್ಚಿಗಳನ್ನು ಹೊರಗೆ ಹಾಕಿದೆವು. ಬೀಗದ ಕೈ, ಬೆಲ್ಟು ಎಲ್ಲ ಬಾಗಿಲಲ್ಲಿ ಬಿಟ್ಟು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಪ್ರಯೋಗ ಮಾಡಿದೆ. ಗೆರೆ ಸರಿಯುತ್ತಲೇ ಇತ್ತು.

ಈ ನಾಲ್ಕು ತಿಂಗಳೂ ಉಜ್ಜಿನಮ್ಮ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಆರ್ಡರಿನ ಮಾತು ಎತ್ತುತ್ತಿರಲಿಲ್ಲ. ತುದಿ ಸಿಕ್ಕಿತೇ ಎಂದು ಮಾತ್ರ ಕೇಳುತ್ತಿದ್ದಳು. ಇವಳಿಗೆ ಬೇರೆ ಕೆಲಸವಿಲ್ಲವೇ ಎಂದು ನನಗೆ ರೇಗುತ್ತಿತ್ತು. ಇಲ್ಲಕ್ಕ ಎಂದು ಫೋನಿಡುತ್ತಿದ್ದೆ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮತ್ತೆ ಅದೇ ಮಾತು ಕೇಳಿದಾಗ ನಾನು ಮೇಜಿನ ಪಕ್ಕ ನಿಂತಿದ್ದೆ. ಎ.ಸಿ. ಬೀಸಿತು. ಹೊದಿಕೆಯ ಮೂಲೆ ಮೆಲ್ಲಗೆ ಅಲುಗಿತು. ಆ ಮೂಲೆಗೂ ವಜ್ರಕ್ಕೂ ನಡುವೆ ಒಂದು ಗೇಣು. ಕಾಂತ ತಂದು ಹೊಲಿಗೆಯ ಮೇಲೆ ಆಡಿಸಿದೆ. ಎಂಟು ಪದರಗಳ ಒಳಗಿನಿಂದ ಏನೋ ಎದ್ದು ಕಾಂತಕ್ಕೆ ಒತ್ತಿಕೊಂಡಿತು. ಸ್ಪೀಕರಿನ ಸೂಜಿಗಲ್ಲಿಗೆ ಕಚ್ಚಿ ಕಚ್ಚಿ ಆ ಸೂಜಿಯೇ ಒಂದು ಕಾಂತವಾಗಿತ್ತು. ನಾಲ್ಕು ತಿಂಗಳಿಂದ ನನ್ನ ಸ್ಪಿನ್ನುಗಳು ಅದನ್ನೇ ತೋರಿಸುತ್ತಿದ್ದವು, ಉಜ್ಜಿನಮ್ಮ ಅದನ್ನೇ ಕೇಳುತ್ತಿದ್ದಳು.

ಮಧ್ಯಾಹ್ನದ ಮೀಟಿಂಗಿನಲ್ಲಿ ಬಿಚ್ಚಿ ತೆಗೆದ ತುದಿಯನ್ನು ಬಿಳಿ ಕಾಗದದ ಮೇಲಿಟ್ಟು ತೋರಿಸಿದೆ. ತುದಿ ಹೋದ ಮೇಲೆ ಗೆರೆ ಕದಲದೆ ನಿಂತ ಚಿತ್ರವನ್ನೂ ತೋರಿಸಿದೆ. ಎಲ್ಲರೂ ಭೇಷ್ ಎಂದರು. ಇದು ಅಲ್ಲಿಗೆ ಹೇಗೆ ಬಂತು ಎಂದು ಮೇಡಂ ಕೇಳಿದರು. ಹೊಲಿಯುವಾಗ ಮುರಿದಿತ್ತಂತೆ ಮೇಡಂ ಎಂದೆ. ನಾನು ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ. ಇದಕ್ಕೇ ಇಂಥ ಕೆಲಸವನ್ನು ಸರಿಯಾದ ಕಂಪನಿಗೆ ಕೊಡಬೇಕು ಎನ್ನುವುದು, ಉಳಿದ ಮೂರು ಹೊದಿಕೆ ಅಲ್ಲಿ ಬೇಡ ಎಂದರು ಮೇಡಂ. ಬಾಯಿ ತೆರೆಯಲು ನನಗೆ ಸಮಯವಿತ್ತು. ಪವಿತ್ರ ಎಂಬ ಹೊಸ ವಿದ್ಯಾರ್ಥಿನಿ ಎದ್ದು ಪರದೆ ಸರಿಸಿ, ಪ್ರೊಜೆಕ್ಟರ್ ಆರಿಸಿ, ಎಲ್ಲರಿಗೂ ಚಹಾ ಕೊಡುವಷ್ಟು ಸಮಯವಿತ್ತು. ನಾನು ಚಹಾ ಕುಡಿದೆ.

ಎರಡು ವಾರ ತಳ್ಳಿದೆ. ಮೂರನೆಯ ವಾರ ತುದಿಯನ್ನು ಪುಟ್ಟ ಡಬ್ಬಿಯಲ್ಲಿಟ್ಟುಕೊಂಡು ರಾಯದುರ್ಗಕ್ಕೆ ಹೋದೆ. ಖಾಲಿ ಮಷಿನ್ನುಗಳ ಮೇಲೆ ಬಟ್ಟೆ ಹೊದಿಸಿತ್ತು. ತಿಪ್ಪಮ್ಮ ಬೇರೆ ಯೂನಿಟ್ಟಿಗೆ ಹೋಗಿ ಸೇರಿದ್ದಳು. ಉಜ್ಜಿನಮ್ಮ ತುದಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಮಗುವಿನ ಹಾಗೆ ಸಂತೋಷಪಟ್ಟಳು. ಪುಸ್ತಕ ತೆಗೆದು ಖಾಲಿ ಜಾಗಕ್ಕೆ ಅಂಟಿಸಿದಳು. ಹೇಗೆ ಸಿಕ್ಕಿತು ಎಂದು ಎರಡೆರಡು ಸಲ ಹೇಳಿಸಿಕೊಂಡಳು. ಮುಟ್ಟದೆ, ಬಿಚ್ಚದೆ, ಗೇಣು ದೂರದಿಂದ ನಿಮ್ಮ ಬುಗುರಿಗೆ ಗೊತ್ತಾಯಿತೇ, ಇಂಥದೊಂದು ಫ್ಯಾಕ್ಟರಿಯಲ್ಲಿ ಇದ್ದಿದ್ದರೆ ಎಷ್ಟು ಬೈಗುಳ ತಪ್ಪುತ್ತಿತ್ತು ಎಂದಳು. ಆಗ ನಾನು ಮೀಟಿಂಗಿನ ಸಂಗತಿ ಹೇಳಿದೆ. ಎಲ್ಲವನ್ನೂ ಹೇಳಿದೆ.

ಅವಳು ಬೈಯಲಿಲ್ಲ. ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ನಾನು ತಟ್ಟೆ ನೋಡುತ್ತ ತಿಂದೆ. ಕೈ ತೊಳೆಯಲು ನೀರು ಹಾಕುವಾಗ ಹೇಳಿದಳು: "ನಾನು ಇಲ್ಲಿ ಬರದೀನಿ, ನೀನು ಬಿಡು ಅಂದಿ ಅಂತ. ನೀನು ಅಲ್ಲಿ ಬರೀಲಿಲ್ಲ. ಅಷ್ಟ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತು ನನ್ನನ್ನು ಬಿಡಲಿಲ್ಲ. ನನಗೆ ನಾಚಿಕೆಯಾಗಿತ್ತು, ಜೊತೆಗೆ ಅವಳ ಮೇಲೆ ಸಿಟ್ಟೂ ಬಂದಿತ್ತು. ಸಿಟ್ಟು ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ. ಸೋಮವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಎದ್ದು ನಿಂತೆ. ತುದಿ ಸಿಗುವವರೆಗೆ ಕೊಡುವುದಿಲ್ಲ ಎಂದು ಅವಳು ಹೇಳಿದಳು, ಬಸ್ಸಿಗೆ ಹೊತ್ತಾಯಿತೆಂದು ನಾನೇ ಬಿಡಿಸಿದೆ ಎಂದೆ. ಉಕ್ಕಿನ ಚೂರು ಇರಲಿ ಬಿಡು ಎಂದು ಹೇಳಿದ್ದು ನೀನೇನಾ ಎಂದು ಮೇಡಂ ಎರಡು ಸಲ ಕೇಳಿದರು, ನಾನು ಎರಡು ಸಲ ಹೌದು ಎಂದೆ. ಪವಿತ್ರ ನಗು ತಡೆಯಲಾರದೆ ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮೇಡಂ ಮಾತ್ರ ನಗಲಿಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದರು. ಪೇಟೆಯ ಕಂಪನಿಗೆ ಇನ್ನೂ ಆರ್ಡರ್ ಹೋಗಿರಲಿಲ್ಲ. ಮೂರೂ ಹೊದಿಕೆ ರಾಯದುರ್ಗದಲ್ಲೇ ಆಗಲಿ ಎಂದರು.

ಅಂಗಳಕ್ಕೆ ಓಡಿ ಬಂದು ಫೋನು ಮಾಡಿದೆ. ಎಲ್ಲರ ಮುಂದೆ ಹೇಳಿದೆ ಅಕ್ಕ, ಆರ್ಡರ್ ಬಂತು ಎಂದೆ. ಹೊಗಳಿಕೆಯ ಒಂದು ಮಾತಿಗೆ ಕಾಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಉಜ್ಜಿನಮ್ಮ ಅಳತೆ ಕೇಳಿ ಬರೆದುಕೊಂಡಳು. ಬಟ್ಟೆ ಎಷ್ಟು ಥಾನು, ಮೂಲೆಗಳು ಎಷ್ಟು ಎಂದು ಕೇಳಿದಳು. ತಿಪ್ಪಮ್ಮನನ್ನು ಮತ್ತೆ ಕರೆಯುತ್ತೇನೆ ಎಂದಳು. ಶನಿವಾರ ನಾನೇ ಬಟ್ಟೆ ತರುತ್ತೇನೆ ಎಂದೆ.

"ನೀವು ಬರಬ್ಯಾಡ್ರಿ," ಎಂದಳು. "ಕಾಯೋದು ಗೊತ್ತಿರೋರನ್ನ ಯಾರನ್ನಾರ ಕಳಿಸ್ರಿ."

ಪವಿತ್ರಳನ್ನು ಕಳಿಸಿದೆವು. ನಾಲ್ಕು ದಿನಕ್ಕೆಂದು ಹೋದವಳು ಆರನೆಯ ದಿನ ಹೊದಿಕೆಗಳೊಂದಿಗೆ ಬಂದಳು. ಯಾಕೆ ತಡವಾಯಿತೆಂದು ನಾನು ಕೇಳಲಿಲ್ಲ.